ರೋಗಿಯು ಮನೆಯವರಿಗೆ ಭಾರವೇ?

"ನನ್ನಿಂದ ಯಾರಿಗೂ ತೊಂದರೆಯಾಗಬಾರದು." ಕೋಲಾರದ ಚಿನ್ನದ ಗಣಿ ಪ್ರದೇಶದ ಲೈನು ಮನೆಗಳಲ್ಲಿ ಹಿರಿಯ ರೋಗಿಗಳನ್ನು ಕಾಣಹೋದವರು ಈ ಮಾತನ್ನು ಕೇಳಿಯೇ ಇರುತ್ತೀರಿ. ಕೇಳಲು ತ್ಯಾಗದ ಮಾತು. ಆದರೆ ನಿಜವಾಗಿಯೂ ಅದು ತ್ಯಾಗವೇ?

ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ರೋಗವನ್ನು ತರುತ್ತದೆ. 1940ರ ದಶಕದಲ್ಲಿ ಇಲ್ಲಿಯ ಏಳು ಸಾವಿರಕ್ಕೂ ಮಿಕ್ಕ ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡುಬಂದಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಎದೆಯೊಳಗಿನ ಧೂಳು ಮಾತ್ರ ಹೊರಬರಲಿಲ್ಲ. ಅದನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಮಕ್ಕಳು ಮುಂಜಾನೆಯೇ ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಗಲೆಲ್ಲ ಒಬ್ಬಂಟಿಯಾಗಿ ಏದುಸಿರು ಬಿಟ್ಟ ತಂದೆ, ರಾತ್ರಿ ದಣಿದು ಬಂದ ಮಗನಿಗೆ "ಚೆನ್ನಾಗಿದ್ದೇನಪ್ಪ" ಎನ್ನುತ್ತಾನೆ. ಕಫದಲ್ಲಿ ರಕ್ತ ಕಂಡರೂ ಹೇಳುವುದಿಲ್ಲ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಮುಚ್ಚಿಟ್ಟ ಕ್ಷಯ ಮೊಮ್ಮಗುವಿಗೂ ಹರಡಬಲ್ಲದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಪರೀಕ್ಷೆಯೂ ಔಷಧಿಯೂ ಉಚಿತ. ತೊಂದರೆ ಕೊಡಬಾರದೆಂಬ ಮೌನವೇ ಕೊನೆಗೆ ಎಲ್ಲರಿಗೂ ತೊಂದರೆಯಾಗುತ್ತದೆ.

ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದು, ಮಾಳಿಗೆ ತೆರೆದು, ಯೇಸುಸ್ವಾಮಿಯ ಮುಂದೆ ಇಳಿಸುತ್ತಾರೆ. ಪ್ರಬೋಧನೆಗಳಲ್ಲಿ ನಾವು ಆ ನಾಲ್ವರ ವಿಶ್ವಾಸವನ್ನು ಕೊಂಡಾಡುತ್ತೇವೆ. ಹಾಸಿಗೆಯ ಮೇಲಿದ್ದವನನ್ನು ಮರೆಯುತ್ತೇವೆ. ಅವನಾಡಿದ ಒಂದು ಮಾತೂ ಅಲ್ಲಿಲ್ಲ. "ನಿಮಗೇಕೆ ಕಷ್ಟ, ಬೇಡ" ಎಂದು ಅವನು ಹಟ ಹಿಡಿದಿದ್ದರೆ? ಊರವರೆಲ್ಲರ ಕಣ್ಣೆದುರು ಅಸಹಾಯಕನಾಗಿ ಕೆಳಗಿಳಿಯಲು ಅವನು ಒಪ್ಪಿದನು. ಕೊಡುವುದಕ್ಕಿಂತ ಪಡೆಯುವುದಕ್ಕೆ ಹೆಚ್ಚು ದೀನತೆ ಬೇಕೆಂದು ನನಗೆ ತೋರುತ್ತದೆ.

ಹೊತ್ತವರು ನಾಲ್ವರು ಎಂಬುದನ್ನೂ ಗಮನಿಸಿ. ನಮ್ಮ ಮನೆಗಳಲ್ಲಿ ಹೊರುವವಳು ಸಾಮಾನ್ಯವಾಗಿ ಒಬ್ಬಳೇ ಸೊಸೆ. ಇದು ಸೇವೆಯ ಹೆಸರಿನಲ್ಲಿ ನಡೆಯುವ ಅನ್ಯಾಯ. ನೆರೆಯವರೊಬ್ಬರು ವಾರಕ್ಕೊಂದು ಮಧ್ಯಾಹ್ನ ರೋಗಿಯ ಬಳಿ ಕುಳಿತರೆ ಅವಳು ಕಣ್ಣು ಮುಚ್ಚಿ ನಿದ್ರಿಸಬಹುದು.

ಆದ್ದರಿಂದ ಪ್ರಿಯ ರೋಗಿಗಳೇ, ಬಾಯಿಬಿಟ್ಟು ಕೇಳಿ. ಆಸ್ಪತ್ರೆಗೆ ಹೋಗುವಾಗ ಹಳೆಯ ಎಕ್ಸ್‌ರೇ, ಚೀಟಿಗಳೆಲ್ಲ ಒಂದೇ ಚೀಲದಲ್ಲಿರಲಿ. ವೈದ್ಯರ ಮುಂದೆ ಮರೆತುಹೋಗುವ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಮೊಮ್ಮಗಳಿಂದ ಬರೆಯಿಸಿಕೊಳ್ಳಿ. ಗಣಿಯಲ್ಲಿ ಎಷ್ಟು ವರ್ಷ, ಯಾವ ಕೆಲಸ ಮಾಡಿದಿರೆಂದು ತಪ್ಪದೆ ಹೇಳಿ. ಕಿರಿಯ ವೈದ್ಯರಿಗೆ ಅದು ಹೊಳೆಯದಿರಬಹುದು. ಉಸಿರು ಕಟ್ಟಿದಾಗ ಮುಂದಕ್ಕೆ ಬಾಗಿ ಕುಳಿತು, ದೀಪ ಊದುವಂತೆ ತುಟಿ ಕಿರಿದು ಮಾಡಿ ಮೆಲ್ಲನೆ ಉಸಿರು ಬಿಡಿ. ಸೌದೆ ಒಲೆಯ ಹೊಗೆ ನಿಮ್ಮ ಕಡೆಗೆ ಬಾರದಿರಲಿ. ಆಮ್ಲಜನಕದ ಸಿಲಿಂಡರ್ ಇರುವ ಕೋಣೆಯಲ್ಲಿ ಮೇಣದ ಬತ್ತಿ ಹಚ್ಚಕೂಡದು. ಪರಮಪ್ರಸಾದ ತರುವ ಗುರುಗಳಿಗೂ ಇದನ್ನು ಮೊದಲೇ ತಿಳಿಸಿ, ಅವರು ಬೇಸರಪಡುವುದಿಲ್ಲ.