ತ್ಯಾಗವೋ, ಬಲಿಯೋ

ಮುಂದಿನ ತಲೆಮಾರು ಸುಖವಾಗಿರಲೆಂದು ಇಂದಿನವರ ಬೆವರನ್ನು ಅಗ್ಗಕ್ಕೆ ಕೇಳುವ ಹಕ್ಕು ಸರ್ಕಾರಕ್ಕಿದೆಯೆ? ಕೈಗಾರಿಕಾ ನೀತಿಯ ಮಾತು ಸುಂಕ, ವಿದ್ಯುತ್ತು, ರಫ್ತಿನ ಲೆಕ್ಕದಲ್ಲೇ ಮುಗಿಯುವುದರಿಂದ ಈ ಧರ್ಮಪ್ರಶ್ನೆ ಹಿಂದೆ ಉಳಿದುಬಿಡುತ್ತದೆ. ಇಥಿಯೋಪಿಯದಲ್ಲಿ ಅದನ್ನು ಮರೆಸುವುದು ಕಷ್ಟ. ಬಹುಪಾಲು ಜನ ಬೇಸಾಯವನ್ನೇ ನಂಬಿದ ಆ ದೇಶ 2016ರಲ್ಲಿ ಹವಾಸಾ ನಗರದಲ್ಲಿ ಗಾರ್ಮೆಂಟ್ಸ್ ಪಾರ್ಕ್ ತೆರೆಯಿತು. 60,000 ಮಂದಿಗೆ ಕೆಲಸ ಕೊಡುವುದು ಗುರಿ. ಸುತ್ತಲಿನ ಹಳ್ಳಿಗಳಿಂದ ಯುವತಿಯರು ಬಂದರು. ಖಾಸಗಿ ವಲಯಕ್ಕೆ ಕನಿಷ್ಠ ವೇತನದ ಕಾನೂನಿರಲಿಲ್ಲ. 2019ರಲ್ಲಿ ಅಲ್ಲಿನ ಮೂಲ ಸಂಬಳ ತಿಂಗಳಿಗೆ ಸುಮಾರು 26 ಡಾಲರ್. ಆ ಅಗ್ಗದ ಕೂಲಿಯನ್ನೇ ದೇಶದ ಬಲವೆಂದು ಹೂಡಿಕೆದಾರರಿಗೆ ತೋರಿಸಲಾಯಿತು.

ಹೊಲದ ಬಡತನಕ್ಕಿಂತ ಇದು ಮೇಲಲ್ಲವೆ, ಯಾರೂ ಅವರನ್ನು ಎಳೆದು ತರಲಿಲ್ಲವಲ್ಲ ಎನ್ನುವವರಿದ್ದಾರೆ. ಆ ಮಾತಿಗೆ ತೂಕವಿದೆ. ಕಾರ್ಖಾನೆಯೇ ಇಲ್ಲದ ದೇಶದ ಬಡತನ ಯಾವ ಪುಣ್ಯವೂ ಅಲ್ಲ. ಆದರೆ ಅರ್ಥಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಸ್ಟೆಫಾನ್ ಡೆರ್ಕಾನ್ ಇಥಿಯೋಪಿಯದ ಐದು ಉದ್ಯಮಗಳಿಗೆ ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿ ಕೆಲಸ ಕೊಡಿಸಿ ನೋಡಿದಾಗ, ವರ್ಷದೊಳಗೆ ಶೇ. 77ರಷ್ಟು ಮಂದಿ ಕೆಲಸ ಬಿಟ್ಟಿದ್ದರು. ಕೆಲಸ ಸಿಕ್ಕವರ ಆದಾಯ ಸಿಗದವರದಕ್ಕಿಂತ ಹೆಚ್ಚಿರಲಿಲ್ಲ, ಆರೋಗ್ಯದ ತೊಂದರೆ ಮಾತ್ರ ಹೆಚ್ಚಿತ್ತು. ಒಪ್ಪಿ ಬಂದವರೇ ಹೀಗೆ ಹೊರಟುಹೋದರೆ, ಆ ಒಪ್ಪಿಗೆಯನ್ನು ಎಷ್ಟು ದೂರ ಎಳೆಯಬಹುದು? ದಕ್ಷಿಣ ಕೊರಿಯವೂ ಇದೇ ದಾರಿಯಲ್ಲಿ ನಡೆದು ಸಿರಿವಂತವಾಯಿತು ಎಂಬುದು ಇನ್ನೊಂದು ವಾದ. ನಿಜ. ಆದರೆ ಅಲ್ಲಿ ಫಲ ತಾನಾಗಿ ಕೆಳಗಿಳಿದು ಬರಲಿಲ್ಲ. 1970ರಲ್ಲಿ ಸೋಲ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿ ಜಿಯಾನ್ ತೇ-ಇಲ್ ಎಂಬ 22ರ ದರ್ಜಿ, ಕಾರ್ಮಿಕ ಕಾನೂನನ್ನು ಪಾಲಿಸಿ ಎಂದು ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡ. 1987ರ ಮುಷ್ಕರಗಳ ನಂತರವಷ್ಟೇ ಸಂಘಗಳಿಗೆ ದನಿ ಬಂತು. ತ್ಯಾಗ ಮಾಡುವವನಿಗೆ ‘ಇಷ್ಟು ಸಾಕು’ ಎನ್ನುವ ಬಾಯಿರುತ್ತದೆ. ಬಲಿಯಲ್ಲಿ ಕೊಡುವವನು ಬೇರೆ, ಹೋಗುವ ಜೀವ ಬೇರೆ.

ಹವಾಸಾದಲ್ಲಿ ನಡೆದದ್ದು ಈ ಎರಡರಲ್ಲಿ ಯಾವುದೆಂದು 2020ರ ನವೆಂಬರಿನಲ್ಲಿ ಅದೇ ದೇಶದ ಟಿಗ್ರೆ ಪ್ರಾಂತ್ಯದಲ್ಲಿ ಯುದ್ಧ ಹತ್ತಿಕೊಂಡ ಮೇಲೆ ತಿಳಿಯಿತು. ಯುದ್ಧದಲ್ಲಾದ ಮಾನವ ಹಕ್ಕುಗಳ ಉಲ್ಲಂಘನೆಗಾಗಿ ಅಮೆರಿಕ 2022ರ ಜನವರಿ 1ರಿಂದ ಇಥಿಯೋಪಿಯದ ಸುಂಕರಹಿತ ರಫ್ತಿನ ಸೌಲಭ್ಯ ಕಿತ್ತುಕೊಂಡಿತು. ಅದಕ್ಕೂ ಮುನ್ನವೇ ಪಾರ್ಕಿನ ಪ್ರಮುಖ ಕಂಪನಿ ಪಿವಿಎಚ್ ತನ್ನ ಕಾರ್ಖಾನೆ ಮುಚ್ಚಲು ನಿರ್ಧರಿಸಿತ್ತು. ಹೊಲಿಗೆ ಯಂತ್ರದ ಮುಂದೆ ಕೂತವರು ಯುದ್ಧ ಸಾರಿದವರಲ್ಲ, ಸೌಲಭ್ಯ ಕಿತ್ತುಕೊಂಡವರೂ ಅಲ್ಲ. ಎರಡೂ ತೀರ್ಮಾನಗಳ ಬೆಲೆ ಬಂದು ಬಿದ್ದದ್ದು ಅವರ 26 ಡಾಲರ್ ಸಂಬಳದ ಮೇಲೆ.