ಕೇಳದೆ ಹೋದ ಮಾತು ಯಾರದು?

ಆಕಾಶದಲ್ಲಿ ತೇಲುವ ದ್ವೀಪವೊಂದು ಕುಸಿಯುತ್ತಿದೆ. ತೆರೆಯ ಮೂಲೆಯಲ್ಲಿ ಆರು ನಿಮಿಷದ ಗಡಿಯಾರ ಹಿಂದಕ್ಕೆ ಓಡುತ್ತಿದೆ. ಕೆಳಗೆ ಹಾರುಹಡಗು ಬಂದು ನಿಂತಿದೆ. ಅಂಚಿಗೆ ಹೋದರೆ ಆಟ ಎರಡು ಆಯ್ಕೆ ಕೊಡುತ್ತದೆ: ಹಾರು, ಇಲ್ಲವೇ ಕಾಯಿ. ಶತ್ರುವನ್ನು ತಡೆದು, ನಿಮ್ಮನ್ನು ಮುಂದೆ ಕಳಿಸಿ, ತಾನು ಹಿಂದುಳಿದವನು ಶ್ಯಾಡೋ. ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿಕೊಂಡ ಬಾಡಿಗೆ ಕೊಲೆಗಾರ. ಅವನು ಬಂದೇ ಬರುತ್ತಾನೆಂದು ಯಾರೂ ಹೇಳುವುದಿಲ್ಲ. ಹಾರಿದರೆ ಕಥೆ ಮುಂದಕ್ಕೆ ಹೋಗುತ್ತದೆ, ಅವನು ಸತ್ತುಹೋಗುತ್ತಾನೆ. ಕಾದರೆ, ಗಡಿಯಾರದಲ್ಲಿ ಕೊನೆಯ ಐದು ಸೆಕೆಂಡು ಉಳಿದಾಗ ಓಡಿ ಬರುತ್ತಾನೆ. 1994ರ ಏಪ್ರಿಲ್‌ನಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ತಂದ 'ಫೈನಲ್ ಫ್ಯಾಂಟಸಿ 6'ರ ನಡುಭಾಗದ ದೃಶ್ಯ ಇದು.

ಹಾರಿಬಿಟ್ಟ ಆಟಗಾರನಿಗೆ ಆಟ ಏನನ್ನೂ ಹೇಳುವುದಿಲ್ಲ. ಏನೋ ಕೈತಪ್ಪಿತು ಎಂಬ ಎಚ್ಚರಿಕೆಯಿಲ್ಲ, ದಾರಿ ಮುಚ್ಚುವುದಿಲ್ಲ, ಮುಕ್ತಾಯವೂ ಬಂದೇ ಬರುತ್ತದೆ. ಅವನ ಮಟ್ಟಿಗೆ ಶ್ಯಾಡೋ ಅಂದರೆ ದುಡ್ಡಿಗಾಗಿ ಜೊತೆಗೂಡಿ ಕೊನೆಗೆ ದುಡ್ಡಿಲ್ಲದೆಯೇ ಪ್ರಾಣ ಕೊಟ್ಟವನು. ಆ ಕಥೆಗೂ ಏನೂ ಕೊರತೆಯಿಲ್ಲ. ನನಗೆ ಮುಖ್ಯವೆನಿಸುವುದು ಈ ಕೊರತೆಯಿಲ್ಲದಿರುವಿಕೆಯೇ. ಜಪಾನಿ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಅಡಗಿರುವ ಮಾತುಗಳ ಬಗ್ಗೆ ಆಟಗಾರರು ಸಾಮಾನ್ಯವಾಗಿ ನಿಧಿ ಅಗೆಯುವವರ ಭಾಷೆಯಲ್ಲಿ ಮಾತಾಡುತ್ತಾರೆ: ಹುಡುಕಿದೆ, ಸಿಕ್ಕಿತು, ಒಂದೂ ಬಿಡಲಿಲ್ಲ. ಈ ಭಾಷೆಯಲ್ಲಿ ಗುಟ್ಟು ಸಿಕ್ಕವನ ಸ್ವತ್ತಾಗಿಬಿಡುತ್ತದೆ. ಒಳ್ಳೆಯ ಆಟದಲ್ಲಿ ಗುಟ್ಟು ಪಾತ್ರದ ಸ್ವತ್ತಾಗಿಯೇ ಉಳಿಯುತ್ತದೆ ಎಂಬುದು ನನ್ನ ವಾದ. ಅದನ್ನು ಕೇಳಿಸಿಕೊಳ್ಳದೆ ಆಟ ಮುಗಿಸಿ ಏಳುವುದು ನಿಜಕ್ಕೂ ಸಾಧ್ಯವಿದ್ದಾಗಲೇ ಅದಕ್ಕೆ ಗುಟ್ಟಿನ ತೂಕ ಬರುವುದು.

ಶ್ಯಾಡೋನ ಗುಟ್ಟು ಏನು? ಅವನನ್ನು ಜೊತೆಗಿಟ್ಟುಕೊಂಡು ಊರೂರಿನ ವಸತಿಗೃಹಗಳಲ್ಲಿ ರಾತ್ರಿ ಕಳೆದರೆ ಒಮ್ಮೊಮ್ಮೆ ಅವನ ಕನಸು ತೆರೆಯ ಮೇಲೆ ಬರುತ್ತದೆ. ಪ್ರತಿ ಸಲವೂ ಬರುವುದಿಲ್ಲ, ಬಂದರೂ ಚೂರುಚೂರಾಗಿ. ಅವನ ಹಿಂದಿನ ಹೆಸರು ಕ್ಲೈಡ್. ಬಾರಮ್ ಎಂಬ ಗೆಳೆಯನ ಜೊತೆ ರೈಲು ದರೋಡೆ ಮಾಡುತ್ತಿದ್ದ. ಶ್ಯಾಡೋ ಎಂಬುದು ಆ ಜೋಡಿ ತಮಗೆ ತಾವೇ ಇಟ್ಟುಕೊಂಡ ಹೆಸರು. ಗಾಯಗೊಂಡು ಬಿದ್ದ ಬಾರಮ್, ಸೆರೆ ಸಿಕ್ಕುವ ಮೊದಲು ನನ್ನನ್ನು ಕೊಂದುಬಿಡು ಎಂದು ಬೇಡುತ್ತಾನೆ. ಕ್ಲೈಡ್‌ಗೆ ಕೈ ಬರುವುದಿಲ್ಲ, ಓಡಿಹೋಗುತ್ತಾನೆ. ಮುಂದೆ ಥಮಾಸಾ ಎಂಬ ಹಳ್ಳಿಯಲ್ಲಿ ಆಸರೆ ಪಡೆದವನು ಅಲ್ಲಿಂದಲೂ ಹೊರಡುತ್ತಾನೆ, ಹಿಂದೆ ಒಂದು ನಾಯಿ. ಅದೇ ಹಳ್ಳಿಯಲ್ಲಿ ರೆಲ್ಮ್ ಎಂಬ ಚಿತ್ರ ಬರೆಯುವ ಹುಡುಗಿ ಒಬ್ಬ ಮುದುಕನ ಜೊತೆ ಬೆಳೆಯುತ್ತಿದ್ದಾಳೆ. ಅವಳು ಶ್ಯಾಡೋನ ಮಗಳೆಂದು ಆಟ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ.

ಇಷ್ಟೇ ಆಗಿದ್ದರೆ ಅದು ಕಥೆಯ ಪಕ್ಕಕ್ಕೆ ಅಂಟಿಸಿದ ಚೀಟಿಯಾಗುತ್ತಿತ್ತು. ಇಲ್ಲಿ ಹಾಗಲ್ಲ, ಕಾಣದ್ದು ಕಾಣುವುದನ್ನು ಎಳೆಯುತ್ತಿರುತ್ತದೆ. ಯಾರನ್ನೂ ಹತ್ತಿರ ಸೇರಿಸದ ಆ ನಾಯಿ, ಇಂಟರ್‌ಸೆಪ್ಟರ್, ರೆಲ್ಮ್‌ಳನ್ನು ಕಂಡೊಡನೆ ಒಗ್ಗಿಕೊಳ್ಳುತ್ತದೆ. ಅವಳ ತಾಯಿಯ ನೆನಪಿನ ಉಂಗುರವೊಂದಿದೆ. ಅದನ್ನು ತೊಡಿಸಲು ಹೋದರೆ ಇಡೀ ತಂಡದಲ್ಲಿ ರೆಲ್ಮ್‌ಗೆ ಮತ್ತು ಶ್ಯಾಡೋಗೆ ಮಾತ್ರ ಆಗುತ್ತದೆ. ಯಾವ ಸಂಭಾಷಣೆಯೂ ಇಲ್ಲದೆ, ಬರೀ ಸಲಕರಣೆಗಳ ಪಟ್ಟಿಯಲ್ಲಿ ಒಂದು ಸಂಬಂಧವನ್ನು ಹೇಳಿದ ಈ ಬಗೆ ನನಗೆ ಈ ಮಾಧ್ಯಮದ ಅತ್ಯುತ್ತಮ ವಾಕ್ಯಗಳಲ್ಲೊಂದಾಗಿ ಕಾಣುತ್ತದೆ. ಲೋಕ ಹಾಳಾದ ಮೇಲೆ ಒಂದು ಗುಹೆಯಲ್ಲಿ ಗಾಯಗೊಂಡು ಬಿದ್ದ ಶ್ಯಾಡೋ ಸಿಗುತ್ತಾನೆ. ದ್ವೀಪದಲ್ಲಿ ಕಾಯದೆ ಹಾರಿದವರಿಗೆ ಅದೇ ಜಾಗದಲ್ಲಿ ಸಿಗುವವಳು ರೆಲ್ಮ್. ಇನ್ನು ಕೊನೆಯ ದೃಶ್ಯದಲ್ಲಿ, ಕುಸಿಯುವ ಗೋಪುರದಿಂದ ಎಲ್ಲರೂ ಓಡುವಾಗ ಶ್ಯಾಡೋ ನಾಯಿಯನ್ನು ಕಳಿಸಿಕೊಟ್ಟು ತಾನು ನಿಲ್ಲುತ್ತಾನೆ, ಇನ್ನು ಓಡುವುದಿಲ್ಲ ಎಂದು ಬಾರಮ್‌ಗೆ ಹೇಳುತ್ತಾನೆ. ಕನಸುಗಳನ್ನು ಕಾಣದ ಆಟಗಾರನಿಗೆ ಆ ಹೆಸರು ಯಾರದೋ. ಯಾವುದೋ ದೊಡ್ಡ ವ್ಯಥೆ ತನ್ನನ್ನು ದಾಟಿ ಹೋಯಿತೆಂದಷ್ಟೇ ಅವನಿಗೆ ತಿಳಿಯುತ್ತದೆ.

ನಮ್ಮ ಕರ್ಣನ ಗುಟ್ಟು ಇದಕ್ಕೆ ತಿರುಗುಮುರುಗಾದದ್ದು. ಕರ್ಣಭೇದನದ ತಾಳಮದ್ದಳೆಗೆ ಕೂತ ಪ್ರತಿಯೊಬ್ಬರಿಗೂ ಅವನು ಕುಂತಿಯ ಮಗನೆಂದು ಗೊತ್ತು. ಗೊತ್ತಿಲ್ಲದವನು ಕರ್ಣ. ಕೃಷ್ಣ ಯಾವಾಗ, ಹೇಗೆ ಹೇಳುತ್ತಾನೆ, ಕೇಳಿದವನು ಏನಾಗುತ್ತಾನೆ ಎಂಬುದರಲ್ಲಿ ರಸವಿದೆ. ಶ್ಯಾಡೋನ ಕಥೆಯಲ್ಲಿ ಪಾತ್ರಕ್ಕೆ ಎಲ್ಲ ಗೊತ್ತು, ಪ್ರೇಕ್ಷಕ ಹೊರಗಿನವನು. ಕರ್ಣನ ಮುಂದೆ ನಮಗೆ ಮರುಕ ಹುಟ್ಟುವುದು ಅವನಿಗಿಂತ ಹೆಚ್ಚು ತಿಳಿದಿರುವುದರಿಂದ. ಶ್ಯಾಡೋನ ಮುಂದೆ ನಮ್ಮ ಸ್ಥಾನ ಕೆಳಗಿನದು, ಅವನು ಹೇಳಿದಷ್ಟು ಕೇಳಿಕೊಳ್ಳಬೇಕು. ಬದುಕಿನಲ್ಲಿ ಬೇರೆಯವರ ಜೊತೆ ನಾವು ನಿಲ್ಲುವುದು ಹೆಚ್ಚಾಗಿ ಈ ಎರಡನೆಯ ಜಾಗದಲ್ಲೇ. ಪಕ್ಕದಲ್ಲಿ ನಡೆಯುವವನ ಮನಸ್ಸು ಮುಚ್ಚಿದ್ದು, ಅದು ತೆರೆದರೆ ಅವನು ನಿದ್ದೆಗೆ ಜಾರಿದಾಗ.

ಕೆಲವೇ ಮಂದಿ ನೋಡುವ ದೃಶ್ಯಕ್ಕೆ ಇಷ್ಟು ಕಷ್ಟಪಡುವುದು ದಂಡವಲ್ಲವೇ ಎಂದು ಕೇಳಬಹುದು. ಆ ಕಾಲದಲ್ಲಿ ಜಾಗಕ್ಕೂ ಬೆಲೆಯಿತ್ತು. 1986ರಲ್ಲಿ ಹೊರೀ ಯೂಜಿ ರೂಪಿಸಿದ ಮೊದಲ 'ಡ್ರ್ಯಾಗನ್ ಕ್ವೆಸ್ಟ್' ಇಡೀ ಆಟ 64 ಕಿಲೋಬೈಟ್. ಕಟಕಾನಾ ಲಿಪಿಯ ಎಲ್ಲ ಅಕ್ಷರಗಳಿಗೂ ಜಾಗ ಸಾಲದೆ ಸುಮಾರು 20ನ್ನು ಮಾತ್ರ ಆರಿಸಿಕೊಂಡು, ಅಷ್ಟರಲ್ಲೇ ಬರುವ ಹೆಸರುಗಳನ್ನು ಇಟ್ಟರು. 'ಫೈನಲ್ ಫ್ಯಾಂಟಸಿ 6'ರ ಕಾರ್ಟ್ರಿಜ್ 24 ಮೆಗಾಬಿಟ್, ಅಂದರೆ 3 ಮೆಗಾಬೈಟ್. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತದೆ. ಅಂಥ ಇಕ್ಕಟ್ಟಿನಲ್ಲಿ, ವಸತಿಗೃಹದಲ್ಲಿ ಮಲಗಿದವರಲ್ಲಿ ಕೆಲವರಿಗಷ್ಟೇ ಕಾಣುವ ಕನಸುಗಳಿಗೆ ಜಾಗ ಕೊಟ್ಟವರು ಅವು ಎಲ್ಲರಿಗೂ ಮುಟ್ಟಬೇಕೆಂದು ಬಯಸಿರಲಾರರು. ಅವು ಅಲ್ಲಿ ಇರಬೇಕು ಎಂದಷ್ಟೇ ಬಯಸಿರಬೇಕು.

ಆದರೆ ಅಡಗಿದ್ದೆಲ್ಲ ಗುಟ್ಟಲ್ಲ. 1997ರ 'ಫೈನಲ್ ಫ್ಯಾಂಟಸಿ 7'ರಲ್ಲಿ ನಾಯಕನ ಜೊತೆಗಾರ್ತಿ ಏರಿತ್ ಮೊದಲ ಡಿಸ್ಕಿನ ಕೊನೆಗೆ ಕೊಲೆಯಾಗುತ್ತಾಳೆ. ಅವಳನ್ನು ಬದುಕಿಸುವ ರಹಸ್ಯ ದಾರಿಯಿದೆ ಎಂಬ ವದಂತಿ ವರ್ಷಗಟ್ಟಲೆ ಓಡಾಡಿತು. ಸಾಧನಗಳನ್ನು ಬಳಸಿ ಆಟದ ದತ್ತಾಂಶ ತಿರುಚಿ ಅವಳನ್ನು ತಂಡಕ್ಕೆ ಮರಳಿ ಸೇರಿಸಿದವರಿಗೆ, ಸಾವಿನ ನಂತರದ ಕೆಲವು ಸಂದರ್ಭಗಳಲ್ಲೂ ಅವಳ ಹೆಸರಿನಲ್ಲಿ ಮಾತುಗಳು ಸಿಕ್ಕವು. ಕೆಲವರಿಗೆ ಅದು ಸಾಕ್ಷಿಯಂತೆ ಕಂಡಿತು: ನೋಡಿ, ಅವಳು ಬದುಕಬೇಕಿತ್ತು. ನನಗೆ ಅದು ದರ್ಜಿಯಂಗಡಿಯ ನೆಲದ ಮೇಲಿನ ತುಂಡುಬಟ್ಟೆಯಂತೆ ಕಾಣುತ್ತದೆ. ಆ ಮಾತುಗಳು ಡಿಸ್ಕಿನಲ್ಲಿವೆ, ನಿಜ. ಆದರೆ ಕಥೆಯಲ್ಲಿ ಯಾವುದೂ ಅವಕ್ಕೆ ಓಗೊಡುವುದಿಲ್ಲ. ಅವುಗಳಿಗಾಗಿ ಯಾವ ನಾಯಿಯೂ ಬಾಲ ಆಡಿಸುವುದಿಲ್ಲ. ಅದೇ ಆಟದಲ್ಲಿ ಇನ್ನೊಂದು ಅಡಗಿದ ಲೆಕ್ಕವಿದೆ. ನಾಯಕ ಕ್ಲೌಡ್ ಯಾರ ಮಾತಿಗೆ ಹೇಗೆ ಉತ್ತರಿಸಿದ ಎಂಬುದನ್ನು ಆಟ ಅಂಕಿಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಜೊತೆಗಾರರಲ್ಲಿ ಏರಿತ್ 50ರಿಂದ ಶುರು, ಟೀಫಾ 30ರಿಂದ, ಯೂಫಿ 10ರಿಂದ, ಬ್ಯಾರೆಟ್ ಸೊನ್ನೆಯಿಂದ. ಒಂದು ರಾತ್ರಿ ಜಾತ್ರೆಯಂಥ ಗೋಲ್ಡ್ ಸಾಸರ್‌ನಲ್ಲಿ ಅವನ ಕೋಣೆಯ ಬಾಗಿಲು ತಟ್ಟುವವರು ಯಾರೆಂದು ಈ ಲೆಕ್ಕವೇ ಗೊತ್ತುಮಾಡುತ್ತದೆ. ಅಂಕಿ ತೆರೆಯ ಮೇಲೆ ಎಂದೂ ಕಾಣುವುದಿಲ್ಲ, ಆದರೂ ಅದು ಕಥೆಯ ಒಳಗಿನದು. ಮಾತು ಎಲ್ಲಿ ಸಂಗ್ರಹವಾಗಿದೆ ಎಂಬುದಕ್ಕಿಂತ ಅದು ಯಾವುದನ್ನು ಅಲುಗಿಸುತ್ತದೆ ಎಂಬುದರಿಂದ ಒಳಗು ಹೊರಗು ತೀರ್ಮಾನವಾಗಬೇಕು.

ಅಬ್ಬರವಿಲ್ಲದ ಇನ್ನೊಂದು ಬಗೆಯೂ ಇದೆ. 2004ರಲ್ಲಿ ಶುರುವಾದ ಫಾಲ್ಕಮ್ ಕಂಪನಿಯ 'ಸೋರಾ ನೊ ಕಿಸೆಕಿ' ಸರಣಿಯಲ್ಲಿ ಕಥೆ ಒಂದು ಹೆಜ್ಜೆ ಇಟ್ಟಾಗಲೆಲ್ಲ ಊರಿನವರ ಮಾತು ಬದಲಾಗುತ್ತದೆ. ಮುಖ್ಯ ಕಥೆಗೆ ಸಂಬಂಧವೇ ಇಲ್ಲದ ಜನ, ನೀವು ಮತ್ತೆ ಮಾತಾಡಿಸದಿದ್ದರೂ, ತಮ್ಮ ಜಗಳ, ಮದುವೆ, ವ್ಯಾಪಾರ ಮಾಡಿಕೊಂಡಿರುತ್ತಾರೆ. ಅಲ್ಲಿ ಮಹಾರಹಸ್ಯವೇನೂ ಇಲ್ಲ. ನೀವಿಲ್ಲದೆಯೂ ಅವರ ದಿನ ನಡೆಯುತ್ತದೆ, ಅಷ್ಟೇ. ಎಲ್ಲರನ್ನೂ ಎರಡೆರಡು ಸಲ ಮಾತಾಡಿಸುತ್ತ ಆಡಿದರೆ ಆಟ ಮುಗಿಯುವುದೇ ಇಲ್ಲವೇನೋ ಅನಿಸುವುದೂ ಸುಳ್ಳಲ್ಲ.

ಮತ್ತೆ ಆ ತೇಲುವ ದ್ವೀಪಕ್ಕೆ ಬರೋಣ. ಕೈಪಿಡಿ ನೋಡಿ ಕಾದವನಿಗೂ ಶ್ಯಾಡೋ ಸಿಗುತ್ತಾನಲ್ಲ, ತಾನಾಗಿಯೇ ಕಾದವನಿಗೂ ಅವನಿಗೂ ವ್ಯತ್ಯಾಸವೆಲ್ಲಿ ಬಂತು? ಇದು ಗಟ್ಟಿಯಾದ ಆಕ್ಷೇಪ. ಗಡಿಯಾರಕ್ಕೆ ನಿಮ್ಮ ಮನಸ್ಸು ತಿಳಿಯದು. ಬಿಟ್ಟುಹೋಗಲು ಮನಸ್ಸಾಗದೆ ನಿಂತವನೂ, ಐದು ಸೆಕೆಂಡಿನ ವಿಷಯ ಓದಿಕೊಂಡು ಬಂದು ನಿಂತವನೂ ಒತ್ತುವ ಗುಂಡಿ ಒಂದೇ, ಬರುವ ಫಲವೂ ಒಂದೇ. ವ್ಯತ್ಯಾಸವಿರುವುದು ಆಟಗಾರನಲ್ಲಿ ಮಾತ್ರ ಎಂದು ಒಪ್ಪಿಕೊಳ್ಳುತ್ತೇನೆ. ಅದನ್ನು ಸಣ್ಣದೆಂದು ಮಾತ್ರ ಒಪ್ಪುವುದಿಲ್ಲ. ಮೊದಲನೆಯವನು ಕಾದದ್ದು ಶ್ಯಾಡೋ ಬರದೆಯೂ ಇರಬಹುದೆಂದು ತಿಳಿದೇ. ಎರಡನೆಯವನು ಕಾಯಲಿಲ್ಲ, ಸಮಯ ಕಳೆದ. ಕೈಪಿಡಿಯನ್ನು ದೂರುವ ಉದ್ದೇಶ ನನಗಿಲ್ಲ. ಇಡೀ ಆಟ ಎರಡು ಸಲ ಆಡುವ ಬಿಡುವು ಎಷ್ಟು ಜನಕ್ಕಿದೆ? ನನಗೆ ಕಿರಿಕಿರಿಯಾಗುವುದು ಆಟವೇ ಲೆಕ್ಕ ಒಪ್ಪಿಸತೊಡಗಿದಾಗ. 2005ರಲ್ಲಿ ಎಕ್ಸ್‌ಬಾಕ್ಸ್ 360, 2008ರಲ್ಲಿ ಪ್ಲೇಸ್ಟೇಷನ್ 3 ಸಾಧನೆಗಳ ಪಟ್ಟಿಯನ್ನು ರೂಢಿಗೆ ತಂದ ಮೇಲೆ, ಇಷ್ಟು ಆಯಿತು, ಇಷ್ಟು ಬಾಕಿ ಎಂದು ಪ್ರತಿ ಆಟವೂ ಹೇಳುತ್ತದೆ. 'ಫೈನಲ್ ಫ್ಯಾಂಟಸಿ'ಯ ಹಳೆಯ ಆಟಗಳ ಹೊಸ 'ಪಿಕ್ಸೆಲ್ ರೀಮಾಸ್ಟರ್' ಆವೃತ್ತಿಗಳ ನಕ್ಷೆಯಲ್ಲಿ ಆ ಜಾಗದ ಪೆಟ್ಟಿಗೆಗಳಲ್ಲಿ ಎಷ್ಟು ತೆರೆದಿರಿ ಎಂಬುದೂ ಕಾಣುತ್ತದೆ. ಪೆಟ್ಟಿಗೆಗಳಿಗೆ ಅದು ಸರಿಯೇ. ಒಬ್ಬನ ಮನಸ್ಸಿನೊಳಗಿನ ನೋವಿಗೂ ಬಾಕಿಯ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕಿದ ಕೂಡಲೇ, ಕೇಳದೆ ಹೋದವನು ಕೇಳದವನಾಗಿ ಉಳಿಯುವುದಿಲ್ಲ, ಸಾಲಗಾರನಾಗುತ್ತಾನೆ. ಹಾರಿದವನ ಕಥೆಯನ್ನು ಆ ಪಟ್ಟಿ ಅರೆಬರೆಯೆಂದು ಘೋಷಿಸಿಬಿಡುತ್ತದೆ.

ಕೇಳದೆ ಹೋದ ಮಾತಿನ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಎತ್ತಿದ ಆಟ 2010ರ ಏಪ್ರಿಲ್‌ನಲ್ಲಿ ಬಂದ 'ನೀಯರ್'. ನಿರ್ದೇಶಕ ಯೊಕೊ ತಾರೊ. ಜಪಾನಿನಲ್ಲಿ ಅದು ಎರಡು ರೂಪದಲ್ಲಿ ಬಂತು. 'ರೆಪ್ಲಿಕಾಂಟ್' ರೂಪದಲ್ಲಿ ಅಣ್ಣನೊಬ್ಬ ಕಾಯಿಲೆಬಿದ್ದ ತಂಗಿ ಯೋನಾಳನ್ನು ಉಳಿಸಲು ಹೊರಡುತ್ತಾನೆ. ದಾರಿಗಡ್ಡ ಬರುವ ಕಪ್ಪು ನೆರಳಿನಂಥ ಜೀವಿಗಳನ್ನು ಕಡಿಯುತ್ತ ಹೋಗುತ್ತಾನೆ. ಅವು ಏನೋ ಅರಚುತ್ತವೆ, ಅರ್ಥವಾಗುವುದಿಲ್ಲ. ಆಟ ಮುಗಿಯುತ್ತದೆ, ತಂಗಿ ಸಿಗುತ್ತಾಳೆ. ಎರಡನೆಯ ಸಲ ಆಡಿದರೆ ಕಥೆ ನಡುವಿನಿಂದ ಶುರುವಾಗುತ್ತದೆ. ಅದೇ ಯುದ್ಧ, ಅದೇ ಶತ್ರು. ಆದರೆ ಈಗ ಅವುಗಳ ಮಾತು ಕೆಳಗೆ ಅಕ್ಷರದಲ್ಲಿ ಬರುತ್ತದೆ. ಹಳೆಯ ಯಂತ್ರಗಳ ಗುಜರಿಯಲ್ಲಿ ನೀವು ಕೊಂದದ್ದು ತಾಯಿ ಸತ್ತ ಒಂದು ಪುಟ್ಟ ನೆರಳನ್ನು, ಅದಕ್ಕೆ ಹೊರಗಿನ ಲೋಕ ತೋರಿಸುತ್ತೇನೆಂದ ಒಂದು ರೋಬೋಟನ್ನು. ಕೊನೆಗೆ ತಿಳಿಯುವುದೇನೆಂದರೆ ಆ ನೆರಳುಗಳೇ ದೇಹದಿಂದ ಬೇರ್ಪಟ್ಟ ಮೂಲ ಮನುಷ್ಯರು. ನೀವು ಅವರಿಗಾಗಿ ಮಾಡಿದ ಖಾಲಿ ದೇಹ.

ನಿಮ್ಮ ಜೊತೆಗಾರ್ತಿ ಕೈನೆಯ ಅರ್ಧ ಮೈಯಲ್ಲಿ ಒಂದು ನೆರಳು ಸೇರಿಕೊಂಡಿದೆ. ಹಾಗಾಗಿ ಅವಳಿಗೆ ಈ ಮಾತುಗಳೆಲ್ಲ ಮೊದಲಿನಿಂದಲೂ ತಿಳಿಯುತ್ತಿದ್ದವು. ನಿಮ್ಮ ಪಕ್ಕದಲ್ಲೇ ನಿಂತು, ಕೇಳುತ್ತ, ಕತ್ತಿ ಬೀಸಿದಳು. ಶ್ಯಾಡೋನ ಗುಟ್ಟು ಅವನೊಬ್ಬನನ್ನು ಆಳವಾಗಿಸಿತು. ಇಲ್ಲಿನ ಗುಟ್ಟು ನೀವು ಮಾಡಿದ್ದೇನು ಎಂಬುದನ್ನೇ ಬದಲಿಸುತ್ತದೆ. ಮೊದಲ ಸಲದ ಶೌರ್ಯ ಎರಡನೆಯ ಸಲಕ್ಕೆ ಕೊಲೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ತನ್ನ ಯೋಚನೆ ಬದಲಾಯಿತೆಂದು, ಜನರನ್ನು ಕೊಲ್ಲಲು ಹುಚ್ಚು ಹಿಡಿಯಬೇಕಿಲ್ಲ, ತಾನು ಸರಿಯೆಂಬ ನಂಬಿಕೆ ಸಾಕೆಂದು ತನಗನಿಸಿತೆಂದು ಯೊಕೊ ಹೇಳಿಕೊಂಡಿದ್ದಾರೆ.

ಇಲ್ಲಿ ನನ್ನದೇ ವಾದಕ್ಕೆ ಒಂದು ತೊಡಕಿದೆ. ಕೇಳಿಸಿಕೊಳ್ಳುವುದು ದೊಡ್ಡದು ಎನ್ನುವುದಾದರೆ, ಕೇಳಿಸಿಕೊಂಡ ಮೇಲೆ ಏನಾದರೂ ಬೇರೆ ಮಾಡಲು ಆಗಬೇಕು. 'ನೀಯರ್' ಅದಕ್ಕೆ ಅವಕಾಶ ಕೊಡುವುದಿಲ್ಲ. ಎರಡನೆಯ ಸಲವೂ ಆ ಪುಟ್ಟ ನೆರಳನ್ನು ಕೊಂದೇ ಮುಂದೆ ಹೋಗಬೇಕು. ತಿಳಿವಳಿಕೆ ಬಂತು, ಆಯ್ಕೆ ಬರಲಿಲ್ಲ. ಆಟ ಮೋಸ ಮಾಡಿತು ಎನ್ನಬಹುದು. ನನಗೆ ಹಾಗನಿಸುವುದಿಲ್ಲ. ಅಡಗಿದ್ದು ಕಂಡರೆ ಪ್ರತಿಫಲ ಸಿಗಬೇಕೆಂಬ ನಿಧಿಯ ಲೆಕ್ಕಾಚಾರವನ್ನೇ ಅದು ಮುರಿಯುತ್ತಿದೆ. ಮುಂದಿನ ಮುಕ್ತಾಯಗಳು ಎಲ್ಲ ಆಯುಧಗಳನ್ನೂ ಕೂಡಿಹಾಕಿದವರಿಗೆ ಮಾತ್ರ. ಅಷ್ಟು ಶ್ರಮಪಟ್ಟು ಕೂಡಿಟ್ಟವನಿಗೆ ಆಟ ಕೇಳುವುದೇನು? ಕೈನೆ ಬದುಕಬೇಕಾದರೆ ನೀನು ಇರಲೇ ಇಲ್ಲವೆಂಬಂತೆ ಅಳಿಸಿಹೋಗು. ಒಪ್ಪಿದರೆ ಉಳಿಸಿಟ್ಟ ಆಟವೆಲ್ಲ ಕಣ್ಣೆದುರೇ ಅಳಿಯುತ್ತದೆ. ಆ ಹೆಸರಿನಲ್ಲಿ ಮತ್ತೆ ಆಟ ಶುರುಮಾಡಲೂ ಬಿಡುವುದಿಲ್ಲ.

2021ರ ಹೊಸ ಆವೃತ್ತಿ ಇನ್ನೊಂದು ಮುಕ್ತಾಯ ಸೇರಿಸಿ, ಅಳಿದದ್ದನ್ನು ಮರಳಿ ಪಡೆಯುವ ದಾರಿ ಮಾಡಿದೆ. ಕೈನೆಯ ಕಡೆಯಿಂದ ಹೇಳಿದ ಆ ಭಾಗ ಚೆನ್ನಾಗಿಯೇ ಇದೆ, ತುಂಬಾ ಆಟಗಾರರಿಗೆ ಸಮಾಧಾನವನ್ನೂ ಕೊಟ್ಟಿದೆ. ಆದರೂ ಹಳೆಯ ನಿರ್ದಯವೇ ಸರಿಯಿತ್ತು ಎಂಬುದು ನನ್ನ ಅಭಿಪ್ರಾಯ. ಮರಳಿ ಸಿಗುತ್ತದೆಂದು ಗೊತ್ತಿದ್ದು ಕೊಟ್ಟವನ ಸ್ಥಿತಿ, ಐದು ಸೆಕೆಂಡಿನ ವಿಷಯ ಓದಿಕೊಂಡು ಕಾದವನ ಸ್ಥಿತಿಯೇ. ಇನ್ನೊಬ್ಬ ಆಟಗಾರನೂ ಇರಬೇಕು: ಎರಡನೆಯ ಸಲ ಆ ಮಗುವಿನ ಮಾತು ಓದಿ, ಮುಂದೆ ಆಡಲಾರೆನೆಂದು ಯಂತ್ರ ಆರಿಸಿ ಎದ್ದುಹೋದವನು. ಅವನಿಗೆ ಮುಕ್ತಾಯ ಸಿಗಲಿಲ್ಲ, ಕೈನೆಯನ್ನೂ ಅವನು ಉಳಿಸಲಿಲ್ಲ. ಕೇಳಿದ ಮಾತಿಗೆ ಅವನು ಕೊಟ್ಟ ಉತ್ತರ ಉಳಿದವರದಕ್ಕಿಂತ ಪ್ರಾಮಾಣಿಕವಾಗಿತ್ತೇ, ಅಥವಾ ಕ್ಲೈಡ್ ಓಡಿದಂತೆ ಅವನೂ ಓಡಿದನೇ ಎಂಬುದನ್ನು ಆಟದ ಒಳಗಿನ ಯಾವ ಪುರಾವೆಯಿಂದಲೂ ತೀರ್ಮಾನಿಸಲಾಗದು.