ಇಂದಿನ ಧಮ್ಮ ಚಿಂತನೆ: ಪುಣ್ಣಾ ಎಂಬ ಹೆಸರು





ನಮ್ಮ ಮನೆಗಳಲ್ಲಿ ಸುಜಾತಾ, ಗೌತಮಿ, ಯಶೋಧರಾ ಇದ್ದಾರೆ. ‘ಪುಣ್ಣಾ’ ಎಂಬ ಮಗಳು ಸಿಗುವುದು ಅಪರೂಪ. ಪಾಲಿಯಲ್ಲಿ ‘ಪುಣ್ಣ’ ಎಂದರೆ ಪೂರ್ಣ, ತುಂಬಿದ್ದು.

ಥೇರಿಗಾಥೆಯಲ್ಲಿ ಈ ಹೆಸರಿನವರು ಇಬ್ಬರು. ಒಬ್ಬಳು ಶ್ರಾವಸ್ತಿಯ ಸಿರಿವಂತರ ಮಗಳು. ಇನ್ನೊಬ್ಬಳು ಅನಾಥಪಿಂಡಿಕನ ಮನೆಯ ದಾಸಿಯ ಮಗಳು. ಪುಣ್ಣಿಕಾ ಎಂದೂ ಕರೆಯುತ್ತಾರೆ. ಅವಳು ಹುಟ್ಟಿದಾಗ ಆ ಮನೆಯ ದಾಸರ ಸಂಖ್ಯೆ ನೂರು ತುಂಬಿತು, ಅದಕ್ಕೇ ಆ ಹೆಸರು ಎನ್ನುತ್ತದೆ ಅಟ್ಠಕಥೆ. ಒಡೆಯನ ಲೆಕ್ಕವೇ ಕೂಸಿನ ಹೆಸರಾಯಿತು.

ನಮ್ಮ ಕಡೆಯೂ ಹೆಣ್ಣು ಸಾಕೆಂದು ಸಾಕವ್ವ ಎಂದು ಹೆಸರಿಟ್ಟರು. ಶೂದ್ರರ ಹೆಸರು ಹೀನವಾಗಿರಬೇಕೆಂದು ಮನುಸ್ಮೃತಿ ವಿಧಿಸಿತ್ತು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅದನ್ನು ಸುಟ್ಟರು.

ಪುಣ್ಣಾ ಚಳಿಯಲ್ಲೂ ಹೊಳೆಯಿಂದ ನೀರು ಹೊರುತ್ತಿದ್ದಳು. ಪಾಪ ಕಳೆಯಲೆಂದು ನಡುಗುತ್ತ ಮುಳುಗುತ್ತಿದ್ದ ಬ್ರಾಹ್ಮಣನನ್ನು ಕಂಡು, ಹಾಗಾದರೆ ಕಪ್ಪೆ ಆಮೆಗಳಿಗೂ ಸ್ವರ್ಗವಿರಬೇಕಲ್ಲ, ನೀರು ಪುಣ್ಯವನ್ನೂ ತೊಳೆದೊಯ್ಯಬೇಕಲ್ಲ ಎಂದು ಕೇಳಿದಳು. ಅವನು ಬುದ್ಧನಿಗೆ ಶರಣಾದ. ಅವಳು ದಾಸ್ಯ ಕಳೆದು ಭಿಕ್ಖುಣಿಯಾದಳು, ಅರಹಂತಳಾದಳು. ಮಲಪ್ರಭೆಯ ದಂಡೆಯಲ್ಲಿರುವ ನಮಗೆ ಅವಳ ಪ್ರಶ್ನೆ ದೂರದ್ದಲ್ಲ.

ಹೆಸರು ಹಳೆಯದೇ ಉಳಿಯಿತು. ಅದರ ಅರ್ಥವನ್ನು ಅವಳು ತನ್ನ ಅರಿವಿನಿಂದ ತುಂಬಿದಳು.

ಮಗಳಿಗೆ ಹೆಸರಿಡುವಾಗ ಪುಣ್ಣಾಳನ್ನು ನೆನೆಯೋಣ. ಜೊತೆಗೆ, ಶಾಲೆಯಲ್ಲಿ ‘ನಿಮ್ಮವ್ವನ ಹೆಸರೇನು?’ ಎಂದು ಕೇಳಿದರೆ ನಮ್ಮ ಮಕ್ಕಳು ತಲೆ ತಗ್ಗಿಸದೆ ‘ಸಾಕವ್ವ’ ಎನ್ನಲಿ. ಹೆಸರು ಇಟ್ಟವರು ಯಾರೇ ಇರಲಿ, ಅದಕ್ಕೆ ಬೆಲೆ ತರುವುದು ಶೀಲ ಮತ್ತು ಪ್ರಜ್ಞೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.